ಸಿ ಡ್ರೈವ್ ಕೆಂಪಾಗಿದೆ, ಅಳಿಸಿದಷ್ಟೂ ತುಂಬ್ತಾ ಉಂಟು. ಜಾಗ ಎಲ್ಲಿ ಹೋಗ್ತದೆ?

ಮಲ್ಲಿಗೆ_ಕಟಪಾಡಿ · ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೂತು ಏಳೆಂಟು ಅಂಗಡಿಗಳ ಲೆಕ್ಕ, ಜಿಎಸ್‌ಟಿ ನೋಡಿಕೊಳ್ಳುವವಳು ನಾನು. ಲ್ಯಾಪ್‌ಟಾಪ್ ಐದು ವರ್ಷ ಹಳತು, 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿತ್ತಲ್ಲ, ಇವತ್ತು ನಾಳೆ ಅಂತ ಮುಂದೆ ಹಾಕಿ ಕೊನೆಗೂ ಹೋದ ವಾರ 11ಕ್ಕೆ ಏರಿಸಿದೆ.

ಈಗ ಸಿ ಡ್ರೈವ್‌ನಲ್ಲಿ ಉಳಿದದ್ದು 1.2 ಜಿಬಿ. ಶುಕ್ರವಾರ ಮಗಳ ಬಾಲವಾಡಿಯ ಫೋಟೊ, ವಿಡಿಯೊ ಎಲ್ಲ ಪೆನ್‌ಡ್ರೈವ್‌ಗೆ ಹಾಕಿ ಇಲ್ಲಿಂದ ಅಳಿಸಿದೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. 4 ಜಿಬಿ ಸಿಕ್ಕಿತು. ಶನಿವಾರ ಸಂಜೆಗೆ ಅದರಲ್ಲಿ 3 ಜಿಬಿ ಮಾಯ. ಭಾನುವಾರ ಒಂದು ಮದುವೆಗೆ ಹೋಗಿದ್ದೆವು, ಲ್ಯಾಪ್‌ಟಾಪ್ ಮುಟ್ಟಲಿಲ್ಲ, ಏನೂ ಕಡಿಮೆ ಆಗಲಿಲ್ಲ. ಇವತ್ತು ಹಳೆಯ ಹಾಡೆಲ್ಲ ಅಳಿಸಿ ಇನ್ನೊಂದು 3 ಜಿಬಿ ಮಾಡಿಕೊಂಡೆ, ಸಂಜೆಯೊಳಗೆ ಅದೂ ಹೋಯಿತು. ತೂತು ಕೊಡಪಾನಕ್ಕೆ ನೀರು ಹೊತ್ತ ಹಾಗೆ ಆಗಿದೆ ನನ್ನ ಕತೆ.

ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದರೆ "ವೈರಸ್ ಇರ್ತದೆ ಅಕ್ಕ, ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡುವ" ಅಂದ. 11ರ ಒಳಗೆ ಎಲ್ಲರ ಜಿಎಸ್‌ಟಿಆರ್ 1 (ಮಾರಾಟದ ವಿವರದ ರಿಟರ್ನ್) ಹಾಕಬೇಕು ನಾನು. ಫಾರ್ಮ್ಯಾಟ್ ಮಾಡಿಸಿಕೊಂಡು ಕೂರಲಿಕ್ಕೆ ಪುರುಸೊತ್ತಿಲ್ಲ. ಎಂತ ಮಾಡುದು?

ಮಣಿಪಾಲ_ಹಾಸ್ಟೆಲ್ · 9.52

ಸಿಂಪಲ್ ಅಕ್ಕ. ಯಾವುದಾದ್ರೂ ಕ್ಲೀನರ್ ಸಾಫ್ಟ್‌ವೇರ್ ಹಾಕಿ ರಿಜಿಸ್ಟ್ರಿ ಕ್ಲೀನ್ ಕೊಡಿ. ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದಿದೆ, ಅದೇ ಹತ್ತು ಜಿಬಿ ಮೇಲೆ ತಿಂದಿರ್ತದೆ. ಅದನ್ನು ಹಾರಿಸಿ. ಕೆಲಸ ಮುಗೀತು.

ಹಳೇಸೀಪಿಯು · 10.05

ಅಕ್ಕ, ಮೇಲಿನದ್ದು ಯಾವುದನ್ನೂ ಮಾಡಬೇಡಿ. ತಮ್ಮ, ನೀನು ಮಾಡಿ ನೋಡಿದ್ದೀಯಾ ಅಥವಾ ಎಲ್ಲೋ ವಿಡಿಯೊದಲ್ಲಿ ಕಂಡದ್ದಾ?

ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಪುಸ್ತಕ, ಪೂರ್ತಿ ಸೇರಿದರೂ ಕೆಲವು ನೂರು ಎಂಬಿ. ಅದನ್ನು ಗುಡಿಸಿ ಎಷ್ಟು ಜಾಗ ಸಿಕ್ಕೀತು? ಕ್ಲೀನರ್ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳುವುದೂ ಬೇಡ. 2017ರಲ್ಲಿ ಸಿಕ್ಲೀನರ್‌ನಂಥ ಹೆಸರುವಾಸಿ ತಂತ್ರಾಂಶದ 5.33 ಆವೃತ್ತಿಗೇ ಯಾರೋ ಮಾಲ್‌ವೇರ್ ತುರುಕಿ, ಅದು ಅಧಿಕೃತ ಡೌನ್‌ಲೋಡ್‌ನಲ್ಲೇ ಜನರ ಕಂಪ್ಯೂಟರಿಗೆ ಹೋಗಿತ್ತು.

ವಿನ್‌ಎಸ್‌ಎಕ್ಸ್‌ಎಸ್ ದೊಡ್ಡದು ಅಂತ ಕಾಣುವುದೇ ಅರ್ಧ ಸುಳ್ಳು. ಅಲ್ಲಿರುವ ಬಹಳಷ್ಟು ಫೈಲ್‌ಗಳು ವಿಂಡೋಸ್‌ನ ಮುಖ್ಯ ಫೋಲ್ಡರ್ ಸಿಸ್ಟಮ್ 32ರಲ್ಲಿರುವ ಅವೇ ಫೈಲ್‌ಗಳು. ಡಿಸ್ಕ್‌ನಲ್ಲಿ ಒಂದೇ ಪ್ರತಿ, ಹೆಸರು ಮಾತ್ರ ಎರಡು ಕಡೆ. ಇದಕ್ಕೆ ಹಾರ್ಡ್ ಲಿಂಕ್ ಅಂತಾರೆ. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇರುವ ಒಬ್ಬನೇ ಹುಡುಗನಿಗೆ ಊಟಕ್ಕೆ ಎರಡು ಎಲೆ ಹಾಕಿದ ಹಾಗೆ, ಎಕ್ಸ್‌ಪ್ಲೋರರ್ ಎರಡೂ ಕಡೆ ಲೆಕ್ಕ ಹಿಡಿಯುತ್ತದೆ. ಕೈಯಿಂದ ಅಳಿಸಿದರೆ ಮುಂದಿನ ಅಪ್‌ಡೇಟ್ ಹೊತ್ತಿಗೆ ವಿಂಡೋಸ್ ಮಲಗುತ್ತದೆ. ಅದರ ಕಸ ತೆಗೆಯಬೇಕಾದರೆ ಡಿಸ್ಕ್ ಕ್ಲೀನಪ್ ತೆರೆದು "ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್" ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್‌ಗೆ ಟಿಕ್ ಹಾಕಿದರೆ ಅದೇ ಜೋಪಾನವಾಗಿ ಮಾಡ್ತದೆ.

ಅಕ್ಕ, ನನಗೆ ಕುತೂಹಲ ಆದದ್ದು ಆ ಭಾನುವಾರ. ಲ್ಯಾಪ್‌ಟಾಪ್ ಮುಟ್ಟದ ದಿನ ಜಾಗ ಹೋಗಲಿಲ್ಲ, ಕೆಲಸ ಮಾಡಿದ ದಿನ 3 ಜಿಬಿ ಹೋಯಿತು. ನಿಮ್ಮ ಕೆಲಸದಲ್ಲೇ ಏನೋ ಒಂದು ಹಿಂದಿನಿಂದ ಬರೆಯುತ್ತಾ ಉಂಟು. ಇನ್ನು ಏನನ್ನೂ ಅಳಿಸಬೇಡಿ. ಮೊದಲು ಅಳೆಯುವ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ ಹೋಗಿ ಯಾವುದಕ್ಕೆ ಎಷ್ಟು ಅಂತ ಇಲ್ಲಿ ಹಾಕಿ. "ಶೋ ಮೋರ್ ಕೆಟಗರೀಸ್" ಒತ್ತುವುದು ಮರೆಯಬೇಡಿ.

ಕುಂದಾಪ್ರ_ಕನೆಕ್ಷನ್ · 10.20

ಹ್ವಾಯ್, ನನ್ ಲ್ಯಾಪ್‌ಟಾಪಲ್ಲೂ ಹಿಂಗೇ ಆಯ್ತ್. ಸಿ ಕೆಂಪು, ಡಿ ಖಾಲಿ. ಡಿ ಇಂದ ಸ್ವಲ್ಪ ಕಿತ್ತ್ ಸಿ ಗೆ ಕೊಡುಕ್ ಆತ್ತಾ ಮರ್ರೆ?

ಹಳೇಸೀಪಿಯು · 10.31

ಆಗ್ತದೆ, ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಬೆಳೆಯಬೇಕಾದರೆ ಖಾಲಿ ಜಾಗ ಸಿ ಗೆ ತಾಗಿಕೊಂಡು ಬಲಗಡೆಯೇ ಇರಬೇಕು. ಡಿ ಕುಗ್ಗಿಸಿದರೆ ಜಾಗ ಡಿ ಯ ಬಾಲದಲ್ಲಿ ಸಿಗ್ತದೆ, ಸಿ ಗೆ ಮುಟ್ಟುವುದಿಲ್ಲ. ನಡುವೆ ವಿಂಡೋಸ್ ಕೆಟ್ಟರೆ ರಿಪೇರಿಗೆ ಅಂತ ಇಟ್ಟ ರಿಕವರಿ ಪಾರ್ಟಿಶನ್ ಬೇರೆ ಕೂತಿರ್ತದೆ ಸುಮಾರು ಸಲ. ಡಿ ಯ ಫೈಲ್ ಎಲ್ಲ ಹೊರಗೆ ಹಾಕಿ, ಡಿ ಅಳಿಸಿ, ಸಿ ಹಿಗ್ಗಿಸಿ, ಉಳಿದದ್ದರಲ್ಲಿ ಪುನಃ ಡಿ ಮಾಡುವುದು ಸಾದಾ ದಾರಿ. ಪಾರ್ಟಿಶನ್ ಸರಿಸುವ ತಂತ್ರಾಂಶ ಹಾಕುವುದಾದರೆ ಬ್ಯಾಕಪ್ ಇಟ್ಟುಕೊಂಡು ಬೆಳಿಗ್ಗೆಯೇ ಕೂತ್ಕೊಳ್ಳಿ. ಈಗ ಸಂಜೆ ನಾಲ್ಕರ ಮೇಲೆ ಗುಡುಗು ಶುರು, ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಅರ್ಧ ಸರಿಸಿದ ಪಾರ್ಟಿಶನ್ ಹಿಡಿದುಕೊಂಡು ಅಂಗಡಿಗೆ ಬರುವವರನ್ನು ವರ್ಷಕ್ಕೆ ಎರಡು ಮೂರು ಜನ ನೋಡ್ತೇನೆ.

ಮಲ್ಲಿಗೆ_ಕಟಪಾಡಿ · ಮಂಗಳವಾರ ಬೆಳಿಗ್ಗೆ 7.15

ನೋಡಿದೆ. ಒಟ್ಟು 238 ಜಿಬಿ ಅಂತ ತೋರಿಸ್ತದೆ. ಸಿಸ್ಟಮ್ 43. ಆ್ಯಪ್‌ಗಳು 27. ಟೆಂಪರರಿ ಫೈಲ್ಸ್ 45. ನನ್ನ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಎಲ್ಲ ಸೇರಿ 54. ಕೊನೆಯಲ್ಲಿ ಬೂದು ಬಣ್ಣದ "ಅದರ್" ಅಂತ 68! ಅದನ್ನು ಒತ್ತಿದರೆ ಯಾವುದೋ ಫೋಲ್ಡರ್ ಹೆಸರು ತೋರಿಸಿ ಸುಮ್ಮನಾಗ್ತದೆ.

ಇನ್ನೊಂದು ಸಂಶಯ. 256 ಅಂತ ದುಡ್ಡು ಕೊಟ್ಟು ತಂದದ್ದು 238 ಯಾಕೆ? 18 ಜಿಬಿ ಅಂಗಡಿಯವ ಇಟ್ಟುಕೊಂಡನಾ?

ನಿವೃತ್ತ_ಕ್ಯಾಷಿಯರ್ · 7.48

ಇದಕ್ಕೆ ನಾನು ಉತ್ತರ ಕೊಡ್ತೇನೆ, ಎಣಿಸುವುದು ನನ್ನ ಹಳೇ ಕಸುಬು. ನಿಮ್ಮ ಶಂಕರಪುರದ ಕಡೆ ಮಲ್ಲಿಗೆ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಅಲ್ವಾ? ಯಾರೋ ಒಬ್ಬ 750 ಹೂವಿಗೇ ಒಂದು ಚೆಂಡು ಅಂತ ಮಾರಿದ ಅಂತಿಟ್ಟುಕೊಳ್ಳಿ. ಅವನ ಲೆಕ್ಕದಲ್ಲಿ ಚೆಂಡು ಜಾಸ್ತಿ, ನಿಮ್ಮ ಲೆಕ್ಕದಲ್ಲಿ ಕಡಿಮೆ, ಹೂವು ಅಷ್ಟೇ. ಡಿಸ್ಕ್ ಮಾಡುವವರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, 107 ಕೋಟಿ ಚಿಲ್ಲರೆಗೆ ಒಂದು ಜಿಬಿ ಅನ್ನುತ್ತದೆ. 25,600 ಕೋಟಿಯನ್ನು ಅದರಿಂದ ಭಾಗಿಸಿ, 238.4 ಬರ್ತದೆ. ಹಾಗೆಯೇ ಒಂದು ಟಿಬಿ 931 ಜಿಬಿ ಆಗಿ ಕಾಣ್ತದೆ. ಅಂಗಡಿಯವನನ್ನು ಬೈಯಬೇಡಿ ಪಾಪ.

ಮತ್ತೆ ಒಂದು ಮಾತು ತಾಯಿ. ಟೆಂಪರರಿ ಫೈಲ್ಸ್ ಒಳಗೆ ಹೋಗಿ ಎಲ್ಲದಕ್ಕೂ ಟಿಕ್ ಹಾಕಿಬಿಡಬೇಡಿ. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಉಂಟು. ನಾನು ಒಮ್ಮೆ ಕನ್ನಡಕ ಇಲ್ಲದೆ ಕೂತು ಮೇಲಿಂದ ಕೆಳಗೆ ಟಿಕ್ ಹೊಡೆದೆ. ಡೌನ್‌ಲೋಡ್ಸ್‌ನಲ್ಲಿ ಹತ್ತು ವರ್ಷದ ಪಿಂಚಣಿ ಸ್ಲಿಪ್ ಇತ್ತು. ಅದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ, ನೇರ ಕೈಲಾಸ. ತಪ್ಪು ನನ್ನದೇ. ಡೌನ್‌ಲೋಡ್ಸ್ ಅಂದರೆ ಕಪಾಟು ಅಂತ ತಿಳಿದಿದ್ದೆ, ಅದು ಜಗಲಿ.

ಹಳೇಸೀಪಿಯು · 8.30

ಸರ್ ಹೇಳಿದ್ದು ಸರಿ. ಅದಕ್ಕೆ ಸೇರಿಸುವುದಾದರೆ, ಎಸ್‌ಎಸ್‌ಡಿಯಿಂದ ಅಳಿಸಿದ್ದನ್ನು ವಾಪಸ್ ತರುವುದು ಹೆಚ್ಚುಕಡಿಮೆ ಆಗದ ಕೆಲಸ. ಹಳೆಯ ತಿರುಗುವ ಡಿಸ್ಕ್‌ನಲ್ಲಿ ಹೆಸರು ಹೋದರೂ ಮಾಹಿತಿ ಮೇಲೆ ಇನ್ನೊಂದು ಬರೆಯುವವರೆಗೆ ಇರ್ತಿತ್ತು, ರಿಕವರಿ ತಂತ್ರಾಂಶಕ್ಕೆ ಸಿಗ್ತಿತ್ತು. ಎಸ್‌ಎಸ್‌ಡಿಗೆ ವಿಂಡೋಸ್ ಟ್ರಿಮ್ ಆಜ್ಞೆ ಕಳಿಸಿ "ಈ ಜಾಗ ಬೇಡ" ಅಂತ ಹೇಳಿಬಿಡ್ತದೆ, ಅದು ಒಳಗಿಂದಲೇ ತೊಳೆದುಕೊಳ್ತದೆ.

ಮಲ್ಲಿಗೆ ಅಕ್ಕ, 45ರಲ್ಲಿ ಒಂದು ದೊಡ್ಡ ತುಂಡು "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್" ಇರಬೇಕಲ್ಲ? ನೀವು 10ರಿಂದ 11ಕ್ಕೆ ಬಂದಾಗ ಹಳೆಯದನ್ನು ವಿಂಡೋಸ್.ಓಲ್ಡ್ ಅಂತ ಕಟ್ಟಿ ಇಟ್ಟಿರ್ತದೆ. ಹತ್ತು ದಿನದೊಳಗೆ ಬೇಕಾದರೆ ಹಿಂದೆ ಹೋಗಬಹುದು, ಆಮೇಲೆ ಅದೇ ಅಳಿಸುತ್ತದೆ. ಈಗಲೇ ತೆಗೆಯಬಹುದು, ಆದರೆ ಮೊದಲು ಲೆಕ್ಕದ ತಂತ್ರಾಂಶ ಟ್ಯಾಲಿ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮೂರೂ 11ರಲ್ಲಿ ಸರಿಯಾಗಿ ನಡೀತದಾ ಅಂತ ನೋಡಿ. ಟೋಕನ್ ಡ್ರೈವರ್ ಕೈಕೊಟ್ಟರೆ ಹಿಂದೆ ಹೋಗುವ ದಾರಿ ಬೇಕಾಗ್ತದೆ.

ಆದರೆ ದಿನಕ್ಕೆ 3 ಜಿಬಿ ತಿನ್ನುವುದು ಅದಲ್ಲ. ಅದು ಒಮ್ಮೆ ಬಂದು ಕೂತದ್ದು. ನಮ್ಮ ಕಳ್ಳ ಆ ಬೂದು ಬಣ್ಣದ 68ರಲ್ಲಿ ಇದ್ದಾನೆ. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಅಂತ ತೋರಿಸುವ ವಿಜ್‌ಟ್ರೀ ಅಂತ ಸಣ್ಣ ತಂತ್ರಾಂಶ ಉಂಟು, ಮನೆ ಬಳಕೆಗೆ ಉಚಿತ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಜೋಡಿಸಿಡುವ ಪದ್ಧತಿ) ಡಿಸ್ಕ್‌ನ ಮೂಲ ಪಟ್ಟಿಯನ್ನೇ ನೇರ ಓದುವುದರಿಂದ ಕೆಲವೇ ಸೆಕೆಂಡು ಸಾಕು. ರೈಟ್ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಡಿ. ಹಾಗೆ ಕೊಡದಿದ್ದರೆ ಎಲ್ಲ ಫೋಲ್ಡರ್ ಒಳಗೂ ಅದಕ್ಕೆ ಪ್ರವೇಶ ಸಿಗುವುದಿಲ್ಲ, ಲೆಕ್ಕ ತಾಳೆ ಬರುವುದಿಲ್ಲ.

ಬಡಗುತಿಟ್ಟು_ಬ್ರಹ್ಮಾವರ · 11.10

ಮಧ್ಯದಲ್ಲಿ ಬಾಯಿ ಹಾಕ್ತಾ ಇದ್ದೇನೆ, ಕ್ಷಮೆ ಇರಲಿ. ನನ್ನದೂ ಜಾಗದ್ದೇ ತಾಪತ್ರಯ. ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ಈ ಸಲದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿ ಆಯಿತು, ಇನ್ನು ನಾಲ್ಕೈದು ತಿಂಗಳು ರಾತ್ರಿ ಆಟಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕೂತು ಹಳೆಯ ರೆಕಾರ್ಡಿಂಗ್ ಒಪ್ಪ ಮಾಡುವ ಅಂತ.

ಮಿನಿ ಡಿವಿ ಕ್ಯಾಮರಾ ಕಾಲದಲ್ಲಿ ಇಡೀ ರಾತ್ರಿಯ ಆಟ ಹಿಡಿದದ್ದು 14 ಉಂಟು. ಗಂಟೆಗೊಂದು ಟೇಪ್, ಆಟಕ್ಕೆ ಎಂಟು. ಭಾಗವತರ ಪದ್ಯ ಏರುವಾಗಲೇ ಟೇಪ್ ಬದಲಿಸಬೇಕಾಗಿ ಬಂದ ಸಂಕಟ ಈಗಲೂ ನೆನಪುಂಟು. ಫೈರ್‌ವೈರ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದ್ದೇನೆ. ಗಂಟೆಗೆ ಸುಮಾರು 13 ಜಿಬಿ, ಆಟಕ್ಕೆ 104, ಹದಿನಾಲ್ಕಕ್ಕೆ 1,450 ಜಿಬಿ ಹತ್ತಿರ. ಎರಡು ಹಾರ್ಡ್‌ಡಿಸ್ಕ್ ತುಂಬಿ ಕೂತಿವೆ. ಎಂಪಿ 4 ಮಾಡಿ ಮೂಲ ಅಳಿಸಬಹುದಾ? ಟೇಪ್ ಹೇಗೂ ಇದೆ.

ಕೊಡಿಯಾಲ್_ಕ್ಯಾಮರಾ · 12.25

ಅಣ್ಣಾ, ಟೇಪ್ ಇದೆ ಅಂತ ಧೈರ್ಯದಲ್ಲಿ ಇರಬೇಡಿ! ನಮ್ಮ ಈ ಕರಾವಳಿಯ ಸೆಕೆ, ತೇವಕ್ಕೆ ಟೇಪ್ ಮೇಲೆ ಬಿಳಿ ಬೂಷ್ಟು ಹಿಡಿಯಲಿಕ್ಕೆ ಒಂದು ಮಳೆಗಾಲ ಸಾಕು. ನನ್ನ ಹತ್ತಿರ ಹಳೆಯ ಮದುವೆಗಳ ಟೇಪ್ ಹಾಗೇ ಹೋಗಿವೆ, ಪ್ಲೇ ಮಾಡಿದರೆ ಹೆಡ್ಡಿಗೂ ಬೂಷ್ಟು. ಟೇಪ್ ಓಡಿಸುವ ಕ್ಯಾಮರಾ ಸರಿ ಇರಬೇಕು, ಫೈರ್‌ವೈರ್ ಇರುವ ಕಂಪ್ಯೂಟರ್ ಬೇಕು. ಎರಡೂ ಈಗ ಹುಡುಕಿದರೆ ಸಿಗುವ ಸಾಮಾನಲ್ಲ.

ಎಂಪಿ 4 ಮಾಡುವುದಾದರೆ ಹ್ಯಾಂಡ್‌ಬ್ರೇಕ್ ಬಳಸಿ. ವಿಡಿಯೊ ಹಿಂಡುವ ವಿಧಾನ ಎಚ್ 264, ಗುಣಮಟ್ಟ ಆರ್‌ಎಫ್ 18ರಿಂದ 20 (ಸಂಖ್ಯೆ ಕಡಿಮೆ ಆದಷ್ಟು ಚಿತ್ರ ಚೆನ್ನ). ನನಗೆ ಗಂಟೆಗೆ ಒಂದೂವರೆ ಎರಡು ಜಿಬಿ ಹತ್ತಿರ ಬರ್ತದೆ, ದೃಶ್ಯ ನೋಡಿಕೊಂಡು ಹೆಚ್ಚುಕಡಿಮೆ. ಒಂದು ಮುಖ್ಯ ವಿಷಯ: ಡಿವಿ ಚಿತ್ರ ಇಂಟರ್‌ಲೇಸ್ ಆಗಿರ್ತದೆ. ಸೆಕೆಂಡಿಗೆ 25 ಚೌಕಟ್ಟು, ಪ್ರತಿ ಚೌಕಟ್ಟಿನಲ್ಲಿ ಸರಿ ಗೆರೆ ಒಂದು ಗಳಿಗೆಯದ್ದು, ಬೆಸ ಗೆರೆ ಇನ್ನೊಂದು ಗಳಿಗೆಯದ್ದು. ಸುಮ್ಮನೆ ಕನ್ವರ್ಟ್ ಮಾಡಿದರೆ ವೇಷ ಗಿರ್ಕಿ ಹೊಡೆಯುವಾಗ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣ್ತದೆ. ಡಿಇಂಟರ್‌ಲೇಸ್‌ನಲ್ಲಿ ಬಾಬ್ ಆಯ್ಕೆ ಮಾಡಿ, ಸೆಕೆಂಡಿಗೆ 50 ಚೌಕಟ್ಟು ಬರ್ತದೆ, ಕುಣಿತ ಕಣ್ಣಿಗೆ ಹಿಂದಿನ ಹಾಗೇ ನುಣ್ಣಗೆ ಹೋಗ್ತದೆ.

ಧ್ವನಿಯಲ್ಲಿ ಮಾತ್ರ ಜಿಪುಣತನ ಬೇಡ. ಡಿವಿಯ ಧ್ವನಿ ಒಂದಿಷ್ಟೂ ಕುಗ್ಗಿಸದೆ ಇಟ್ಟರೂ ಗಂಟೆಗೆ 700 ಎಂಬಿ ದಾಟುವುದಿಲ್ಲ. 13 ಜಿಬಿಯಲ್ಲಿ ಜಾಗ ತಿಂದದ್ದು ಚಿತ್ರ. ಅದಕ್ಕೆ ಚೆಂಡೆಯ ಪೆಟ್ಟು ಕೊಂದು ಎಂತ ಪ್ರಯೋಜನ?

ಬಡಗುತಿಟ್ಟು_ಬ್ರಹ್ಮಾವರ · 12.50

ಚೆಂಡೆ ಕೊಂದರೆ ನನ್ನನ್ನು ಮನೆಯಿಂದ ಹೊರಗೆ ಹಾಕ್ತಾರೆ. ಹಾಗಾದರೆ ಮೂಲ ಅಳಿಸಲಾ ಬೇಡವಾ? ಅದು ಹೇಳಿ.

ಕೊಡಿಯಾಲ್_ಕ್ಯಾಮರಾ · 1.15

ನನ್ನ ಅಭಿಪ್ರಾಯ ಕೇಳಿದರೆ ಬೇಡ. ಇನ್ನೊಂದು 2 ಟಿಬಿ ತಂದು ಮೂಲವನ್ನು ಒಟ್ಟಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬದಲ್ಲಿಡಿ. ಎಂಪಿ 4 ದಿನನಿತ್ಯ ನೋಡಲಿಕ್ಕೆ, ಹಂಚಲಿಕ್ಕೆ. ಈಗಿನ ಎರಡು ಡಿಸ್ಕ್ ಹಾಗೇ ಇರಲಿ, ಆದರೆ ಒಂದೇ ಕಪಾಟಿನಲ್ಲಿ ಬೇಡ, ತಮ್ಮನ ಮನೆಯಲ್ಲೋ ಎಲ್ಲೋ. ಆ ವೇಷಧಾರಿಗಳಲ್ಲಿ ಎಷ್ಟು ಜನ ಈಗ ರಂಗಸ್ಥಳದಲ್ಲಿ ಇದ್ದಾರೆ, ನೀವೇ ಎಣಿಸಿ.

ನಾನು ಜಾಗ ಮಾಡುವುದು ಬೇರೆ ಕಡೆಯಿಂದ. ಮದುವೆ ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್ ತನ್ನ ಪಾಡಿಗೆ "ಮೀಡಿಯಾ ಕ್ಯಾಶ್" ಅಂತ ಸಿ ಡ್ರೈವ್‌ನಲ್ಲಿ ಗುಡ್ಡೆ ಹಾಕ್ತದೆ. ಸೀಸನ್ ಮುಗಿದಾಗ ನೋಡಿದರೆ 140 ಜಿಬಿ! ಪ್ರಿಫರೆನ್ಸಸ್‌ನಿಂದಲೇ ಅಳಿಸಬಹುದು. ಬೇಕಾದಾಗ ಪುನಃ ಅದೇ ಮಾಡಿಕೊಳ್ತದೆ, ಪ್ರಾಜೆಕ್ಟ್‌ಗೆ ಏನೂ ಆಗುವುದಿಲ್ಲ. ಈಗ ಕ್ಯಾಶ್‌ನ ಜಾಗವನ್ನೇ ಬೇರೆ ಡಿಸ್ಕ್‌ಗೆ ಬದಲಿಸಿದ್ದೇನೆ.

ಮಲ್ಲಿಗೆ_ಕಟಪಾಡಿ · ಮಂಗಳವಾರ ರಾತ್ರಿ 10.15

ಸಿಕ್ಕಿದ!!!

ಟೋಕನ್, ಟ್ಯಾಲಿ, ಪ್ರಿಂಟರ್ ಮೂರೂ ನೋಡಿದೆ, ಸರಿ ಉಂಟು. ವಿಂಡೋಸ್.ಓಲ್ಡ್ ತೆಗೆದೆ, 19 ಜಿಬಿ ಬಂತು. ಆಮೇಲೆ ವಿಜ್‌ಟ್ರೀ ಹಾಕಿದೆ, ಅಡ್ಮಿನ್ ಆಗಿಯೇ. ದೊಡ್ಡದು ಮೇಲೆ ಬರುವ ಹಾಗೆ ಜೋಡಿಸಿ ಕೊಡ್ತದೆ. ಮೊದಲನೆಯದು ಯೂಸರ್ಸ್, ಎರಡನೆಯದು ಪ್ರೋಗ್ರಾಮ್ ಡಾಟಾ ಅಂತ. ಅಂಥ ಒಂದು ಫೋಲ್ಡರ್ ಇದೆ ಅಂತಲೇ ಗೊತ್ತಿರಲಿಲ್ಲ, ಎಕ್ಸ್‌ಪ್ಲೋರರ್‌ನಲ್ಲಿ ಕಾಣುವುದೇ ಇಲ್ಲ. ಅದನ್ನು ಬಿಚ್ಚಿದರೆ ನನ್ನ ಸ್ಕ್ಯಾನರ್ ಕಂಪನಿಯ ಹೆಸರು, ಅದರೊಳಗೆ "ಟೆಂಪ್", ಅದರೊಳಗೆ 620 ಫೈಲ್. ಒಂದೊಂದೂ 99.6 ಎಂಬಿ, ಒಟ್ಟು 60 ಜಿಬಿ.

ಸ್ಕ್ಯಾನರ್ ಏಪ್ರಿಲ್ ಕೊನೆಗೆ ತಂದದ್ದು. ಅಂಗಡಿಗಳ ಬಿಲ್ಲು ದಿನಾ ಮೂವತ್ತರಂತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ಇಡ್ತೇನೆ. ಪಿಡಿಎಫ್ ಒಂದೊಂದು 1 ಎಂಬಿಯೂ ಇಲ್ಲ. ಹಾಗಿರುವಾಗ ಈ 99.6 ಎಲ್ಲಿಂದ ಬಂತು?

ಹಳೇಸೀಪಿಯು · 10.40

ಶಾಬಾಶ್ ಅಕ್ಕ. ದಿನಾ ಮೂವತ್ತು ಅಂದಿರಲ್ಲ, ಮೂವತ್ತು ಸಲ 99.6 ಎಷ್ಟು? 3 ಜಿಬಿಗೆ ಸ್ವಲ್ಪ ಕಡಿಮೆ. ಭಾನುವಾರದ ರಹಸ್ಯವೂ ಬಿಟ್ಟಿತು.

ನೀವು 600 ಡಿಪಿಐ, ಬಣ್ಣದಲ್ಲಿ ಸ್ಕ್ಯಾನ್ ಮಾಡ್ತಿದ್ದೀರಿ ಅಂತ ಕೇಳದೆಯೇ ಹೇಳ್ತೇನೆ. ಎ4 ಹಾಳೆ ಅಂಗುಲಕ್ಕೆ 600 ಚುಕ್ಕಿಯಂತೆ ಅಡ್ಡಕ್ಕೆ 4,960, ಉದ್ದಕ್ಕೆ 7,016 ಚುಕ್ಕಿ. ಒಂದೊಂದು ಚುಕ್ಕಿಗೆ ಕೆಂಪು, ಹಸಿರು, ನೀಲಿ ಅಂತ 3 ಬೈಟ್. ಗುಣಿಸಿ ನೋಡಿ, 10.4 ಕೋಟಿ ಬೈಟ್. ಕ್ಯಾಷಿಯರ್ ಸರ್ ಹೇಳಿದ 1024ರ ಲೆಕ್ಕದಲ್ಲಿ ಅದೇ 99.6 ಎಂಬಿ. ಸ್ಕ್ಯಾನರ್ ತಂತ್ರಾಂಶ ಹಾಳೆಯನ್ನು ಮೊದಲು ಹಸಿಯಾಗಿ ಹಾಗೇ ಬರೆದುಕೊಂಡು, ಆಮೇಲೆ ಹಿಂಡಿ ಪಿಡಿಎಫ್ ಮಾಡ್ತದೆ. ಮುಗಿದ ಮೇಲೆ ಹಸಿ ಫೈಲ್ ಅಳಿಸಬೇಕಿತ್ತು. ಕಾಯಿ ಹಿಂಡಿ ಹಾಲು ತೆಗೆದ ಮೇಲೆ ಚರಟ ಅಲ್ಲೇ ಒಟ್ಟಿ ಹೋಗಿದ್ದಾನೆ ಪುಣ್ಯಾತ್ಮ. ವಿಂಡೋಸ್‌ನ ಕ್ಲೀನಪ್‌ಗೆ ಇದು ಕಸ ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಇದು ಅದರದ್ದೇ ಟೆಂಪ್ ಫೋಲ್ಡರ್ ಅಲ್ಲ, ಕಂಪನಿಯ ಸ್ವಂತ ಜಾಗ.

ಬಿಲ್ಲಿಗೆ 300 ಡಿಪಿಐ, ಗ್ರೇ ಸಾಕು. ಹಸಿ ಫೈಲೇ 8.3 ಎಂಬಿಗೆ ಇಳೀತದೆ, ಹನ್ನೆರಡರಲ್ಲಿ ಒಂದು ಪಾಲು. ಸ್ಕ್ಯಾನರ್ ತಂತ್ರಾಂಶಕ್ಕೆ ಹೊಸ ಅಪ್‌ಡೇಟ್ ಬಂದಿದೆಯಾ ನೋಡಿ, ಸೆಟ್ಟಿಂಗ್‌ನಲ್ಲಿ ತಾತ್ಕಾಲಿಕ ಫೈಲ್ ಅಳಿಸುವ ಆಯ್ಕೆಯೂ ಇರಬಹುದು.

ಅಳಿಸುವ ಮೊದಲು ಹತ್ತಿಪ್ಪತ್ತು ತೆರೆದು ನೋಡಿ, ಅದರ ಪಿಡಿಎಫ್ ನಿಮ್ಮಲ್ಲಿ ಉಂಟಾ ಅಂತ ತಾಳೆ ಹಾಕಿ. ಅವಸರ ಬೇಡ, ಈಗ ನಿಮಗೆ 20 ಜಿಬಿ ಉಂಟಲ್ಲ.

ಕುಂದಾಪ್ರ_ಕನೆಕ್ಷನ್ · 10.44

ಅಂಗಡಿ ಬಿಲ್ಲಿಗೆ ಬಣ್ಣದಲ್ಲಿ 600 ಡಿಪಿಐ ಎಂತಕ್ ಮರ್ರೆ? ಎಣ್ಣಿ ಕಲೆ ಚಂದ ಕಾಂಬುಕಾ?

ಮಲ್ಲಿಗೆ_ಕಟಪಾಡಿ · 10.58

ನಗಬೇಡಿ. ಅದರಲ್ಲಿ "ಬೆಸ್ಟ್" ಅಂತ ಬರೆದಿತ್ತು, ಅದನ್ನೇ ಒತ್ತಿದೆ.

ಮಣಿಪಾಲ_ಹಾಸ್ಟೆಲ್ · 11.20

ಅಕ್ಕ, ಸಾರಿ. ವಿನ್‌ಎಸ್‌ಎಕ್ಸ್‌ಎಸ್ ನಾನೂ ಅಳಿಸಿರಲಿಲ್ಲ, ರೂಮ್‌ಮೇಟ್ ಹೇಳಿದ್ದು. ನಿಮ್ಮ ಮಾತು ಓದಿ ನಾನೂ ವಿಜ್‌ಟ್ರೀ ಓಡಿಸಿದೆ. ಆಡಿ ಬಿಟ್ಟ ಗೇಮ್ 90 ಜಿಬಿ, ಒಂದು ವರ್ಷದಿಂದ ತೆರೆದಿಲ್ಲ. ಹೈಬರ್‌ಫಿಲ್.ಸಿಸ್ ಅಂತ ಒಂದು 6.4 ಜಿಬಿ ಉಂಟಲ್ಲ, ಅದು ಅಳಿಸಬಹುದಾ? (ಕೇಳಿ ಅಳಿಸ್ತೇನೆ ಈ ಸಲ.)

ಹಳೇಸೀಪಿಯು · 11.32

ನಿನ್ನದು 16 ಜಿಬಿ ರ್ಯಾಮ್ ಅಲ್ವಾ? ಅದರ ಶೇಕಡಾ 40. ಹೈಬರ್ನೇಟ್ ಮಾಡುವಾಗ ರ್ಯಾಮಿನಲ್ಲಿ ಇದ್ದದ್ದನ್ನು ಬರೆದಿಡಲಿಕ್ಕೆ ಕಾದಿಟ್ಟ ಜಾಗ. ಫೈಲಾಗಿ ಅಳಿಸಲಿಕ್ಕೆ ಬಿಡುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಪವರ್‌ಸಿಎಫ್‌ಜಿ ಬರೆದು, ಒಂದು ಸ್ಪೇಸ್, ಸ್ಲ್ಯಾಶ್ ಎಚ್, ಇನ್ನೊಂದು ಸ್ಪೇಸ್, ಆಫ್. ಜಾಗ ಸಿಗ್ತದೆ, ಆದರೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ತದೆ, ಬ್ಯಾಟರಿ ಸಾಯುವಾಗ ಕೆಲಸ ಉಳಿಸಿಕೊಳ್ಳುವ ದಾರಿಯೂ ಹೋಗ್ತದೆ. ಕರೆಂಟಿನ ಭರವಸೆ ಇಲ್ಲದ ಊರಲ್ಲಿ ಲ್ಯಾಪ್‌ಟಾಪಿಗೆ ನಾನು ಅದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಪೇಜ್‌ಫೈಲ್.ಸಿಸ್ ಕಾಣ್ತದೆ, ಅದು ರ್ಯಾಮ್ ಸಾಲದಾಗ ಬೇಕು, ಅದರ ಸುದ್ದಿಗೆ ಹೋಗಬೇಡ. ನೀನು ಆ ಗೇಮ್ ತೆಗಿ, ಸಾಕು.

ನಿವೃತ್ತ_ಕ್ಯಾಷಿಯರ್ · ಬುಧವಾರ ಬೆಳಿಗ್ಗೆ 6.30

ಮಲ್ಲಿಗೆಯವರೇ, ರಾತ್ರಿ ಮಲಗಿದ ಮೇಲೆ ಒಂದು ನೆನಪಾಯಿತು. ಮಗಳ ಫೋಟೊ ಪೆನ್‌ಡ್ರೈವ್‌ಗೆ ಹಾಕಿ ಇಲ್ಲಿಂದ ಅಳಿಸಿದೆ ಅಂದಿರಲ್ಲ. ಅಂದರೆ ಈಗ ಅದು ಇರುವುದು ಆ ಪೆನ್‌ಡ್ರೈವ್‌ನಲ್ಲಿ ಮಾತ್ರವಾ?

ಹಳೇಸೀಪಿಯು · 7.05

ಸರ್, ನಾನು ಅದನ್ನು ಗಮನಿಸಲೇ ಇಲ್ಲ. ಅಕ್ಕ, ಇವತ್ತೇ ವಾಪಸ್ ಕಾಪಿ ಮಾಡಿ. ಪೆನ್‌ಡ್ರೈವ್ ಅಂದರೆ ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಚೀಲ, ಇಟ್ಟುಕೊಳ್ಳುವ ಪೆಟ್ಟಿಗೆ ಅಲ್ಲ.

ಇದು ಅಂಗಡಿಯಲ್ಲಿ ದಿನಾ ನೋಡುವ ಸಂಗತಿ. ಡಿಸ್ಕ್ ಕೆಂಪಾದ ಕೂಡಲೇ ಜನ ಮೊದಲು ಕೈ ಹಾಕುವುದು ಫೋಟೊಕ್ಕೆ, ಯಾಕೆಂದರೆ ಕಣ್ಣಿಗೆ ಕಾಣುವುದು, ಹೆಸರು ಗೊತ್ತಿರುವುದು ಅದೊಂದೇ. 60 ಜಿಬಿ ಹೊಡೆದು ಕೂತವನು ಕಾಣುವುದೇ ಇಲ್ಲ.

ಒನ್‌ಡ್ರೈವ್‌ಗೆ ಹಾಕುವುದಾದರೂ ಜಾಗ್ರತೆ. ಉಚಿತ 5 ಜಿಬಿ ಅಷ್ಟೆ. ಅಲ್ಲಿ ಹಾಕಿ ಲ್ಯಾಪ್‌ಟಾಪಿನ ಒನ್‌ಡ್ರೈವ್ ಫೋಲ್ಡರ್‌ನಿಂದ ಡಿಲೀಟ್ ಕೊಟ್ಟರೆ ಮೇಲಿಂದಲೂ ಹೋಗ್ತದೆ. ಜಾಗ ಮಾತ್ರ ಬೇಕಾದರೆ ರೈಟ್ ಕ್ಲಿಕ್ ಮಾಡಿ "ಫ್ರೀ ಅಪ್ ಸ್ಪೇಸ್" ಕೊಡಬೇಕು, ಆಗ ಫೈಲ್ ಮೇಲೆ ಇರ್ತದೆ, ಇಲ್ಲಿ ಹೆಸರು ಉಳೀತದೆ. ಗೂಗಲ್‌ನಲ್ಲಿ 15 ಜಿಬಿ, ಅದರಲ್ಲೇ ಮೇಲ್, ಫೋಟೊ, ಡ್ರೈವ್ ಮೂರೂ ಸೇರಿ. 2021ರ ಜೂನ್‌ಗೆ ಮೊದಲಿನ ಹಾಗೆ ಫೋಟೊಕ್ಕೆ ಲೆಕ್ಕವಿಲ್ಲದ ಜಾಗ ಈಗ ಇಲ್ಲ.

ಮಲ್ಲಿಗೆ_ಕಟಪಾಡಿ · ಬುಧವಾರ ರಾತ್ರಿ 9.20

ಲೆಕ್ಕ ಒಪ್ಪಿಸ್ತೇನೆ.

ಸ್ಕ್ಯಾನರ್‌ನ 620 ಫೈಲನ್ನು ಒಂದು ಕಡೆಯಿಂದ ನೋಡಿದೆ, ದೊಡ್ಡ ಐಕಾನ್ ಮಾಡಿ. ಪಿಡಿಎಫ್ ಇಲ್ಲದ್ದು ಎರಡು ಸಿಕ್ಕಿತು. ಒಂದು ನನ್ನದೇ ಕೈ ಅಡ್ಡ ಬಂದು ಹಾಳಾದ ಹಾಳೆ. ಇನ್ನೊಂದು ಒಂದು ಹಾರ್ಡ್‌ವೇರ್ ಅಂಗಡಿಯ ಏಪ್ರಿಲ್ ಖರೀದಿ ಬಿಲ್ಲು. ಅದರ ಪಿಡಿಎಫ್ ಇಲ್ಲ, ಮೂಲ ಅವರಿಗೆ ವಾಪಸ್ ಕೊಟ್ಟಾಗಿದೆ, ಅವರಲ್ಲಿ ಕಾಣೆಯಾಗಿ ಮೂರು ದಿನದಿಂದ ಫೋನ್ ಮಾಡ್ತಾ ಇದ್ದರು! ಅದನ್ನು ಪಿಡಿಎಫ್ ಮಾಡಿ ಕಳಿಸಿದೆ. ಉಳಿದದ್ದೆಲ್ಲ ಅಳಿಸಿದೆ. ಡೌನ್‌ಲೋಡ್ಸ್ ಕನ್ನಡಕ ಹಾಕಿಕೊಂಡೇ ನೋಡಿ 15 ಜಿಬಿ ತೆಗೆದೆ. ಈಗ ಖಾಲಿ ಇರುವುದು 95. ಸ್ಕ್ಯಾನರ್ 300 ಗ್ರೇಗೆ ಇಟ್ಟೆ, ಹಾಳೆ ಕೂಡ ಬೇಗ ಬೇಗ ಬರ್ತದೆ. ತಂತ್ರಾಂಶದಲ್ಲಿ ಅಳಿಸುವ ಆಯ್ಕೆ ಸಿಗಲಿಲ್ಲ, ಅದಕ್ಕೆ ಶನಿವಾರಕ್ಕೊಮ್ಮೆ ಆ ಫೋಲ್ಡರ್ ನೋಡುವುದು ಅಂತ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.

ಫೋಟೊ ವಾಪಸ್ ಹಾಕಿದೆ. ಕ್ಯಾಷಿಯರ್ ಸರ್, ನೀವು ಕೇಳದಿದ್ದರೆ ನೋಡ್ತಿರಲಿಲ್ಲ. ಎಲ್ಲ ಬಂತು, ಒಂದು ಮಾತ್ರ ತೆರೆಯಲಿಲ್ಲ, ಮಗಳು ವಾರ್ಷಿಕೋತ್ಸವದಲ್ಲಿ ಕುಣಿದ ವಿಡಿಯೊ. ಕಾಪಿ ಮುಗಿಯುವ ಮೊದಲೇ ಪೆನ್‌ಡ್ರೈವ್ ಎಳೆದಿದ್ದೇನೋ ಏನೋ. ಬಾಲವಾಡಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಟೀಚರ್ ಹಾಕಿದ್ದು ಸಿಕ್ಕಿತು. 14 ಎಂಬಿ. ಮುಖ ಸ್ವಲ್ಪ ಮಸುಕು, ಆದರೆ ಕೊನೆಗೆ ಹೆಜ್ಜೆ ಮರೆತು ನನ್ನ ಕಡೆ ನೋಡುವುದು ಕಾಣ್ತದೆ.

ಬಡಗುತಿಟ್ಟು_ಬ್ರಹ್ಮಾವರ · 9.41

2 ಟಿಬಿ ಡಿಸ್ಕ್ ನಾಳೆ ಬೆಳಿಗ್ಗೆಯೇ ತರ್ತೇನೆ.

ಕುಂದಾಪ್ರ_ಕನೆಕ್ಷನ್ · 9.55

ನಂದ್ ಡಿ ಅಳಿಸ್ತಾ ಇದ್ದೆ. ಕರೆಂಟ್ ಹೋಯ್ತ್ ಮರ್ರೆ.

ಹಳೇಸೀಪಿಯು · 9.56

ಬೆಳಿಗ್ಗೆ ಕೂತ್ಕೊಳ್ಳಿ ಅಂತ ಹೇಳಿದ್ದೆ ಅಲ್ವಾ ಮಾರಾಯ್ರೆ! ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಂಟಾ?

ಕುಂದಾಪ್ರ_ಕನೆಕ್ಷನ್ · 10.02

ಇತ್ತ್. ಡಿ ಹೋಯ್ತ್, ಸಿ ದೊಡ್ಡ ಆಯ್ತ್. ನೀವ್ ಹೆದರ್ತ್ರಿಯಾ ಕಾಂಬ ಅಂದ್ಕಂಡ್ ಹೇಳದ್ದ್.